ಗಾಳದ ಎರಡು ತುದಿ

ಮುತ್ತ ಮತ್ತೊಮ್ಮೆ ದಾರ ಎಳೆದ. ನೀರಿನಿಂದ ಎದ್ದು ಬಂದದ್ದು ಅವನೇ ಕೊಕ್ಕೆಗೆ ಸಿಕ್ಕಿಸಿದ್ದ ಸಿಗಡಿ. ಕೋಡಿ ಊರಿನ ಅಳಿವೆಯ ನೀರನ್ನೆಲ್ಲ ಸುತ್ತಾಡಿ, ಯಾರ ಬಾಯಿಗೂ ಬೀಳದೆ, ಹೋದ ಹಾಗೆಯೇ ವಾಪಸು ಬಂದಿತ್ತು.

“ಮುತ್ತಣ್ಣ, ಸಿಗಡಿನ ನೀರಲ್ ಮೀಯ್ಸೂಕೆ ತಂದದ್ದಾ?” ಪಕ್ಕದ ಕಲ್ಲಿನ ಮೇಲೆ ಗಾಳ ಹಾಕಿ ಕೂತಿದ್ದ ನೆರೆಮನೆಯ ಐತ ಕೇಳಿದ.

“ಇದ್ ಹೊಸ ನಮೂನಿ ಮಾರಾಯ. ಸಿಗಡಿನ ಕುಣಿಸ್ಕ್. ಕುಣಿಸಿದ್ರೆ ದೊಡ್ ಮೀನ್ ಬತ್ತ್.”

“ಬಂದದ್ ಒಂದೂ ಕಾಣ್ಲಿಲ್ಲ್ಯಲೆ.”

ಕುಣಿಸುತ್ತಿದ್ದದ್ದು ಮುತ್ತನಲ್ಲ, ಅವನ ಬಲಗೈ. ಡಾಕ್ಟರು ಪಾರ್ಕಿನ್ಸನ್ ಎಂದಿದ್ದರು. ಆ ಹೆಸರಿಗೆ ನಾಲಗೆ ಹೊರಳದ್ದರಿಂದ ಮುತ್ತ ತಾನೇ ‘ಕೈಕುಣಿತ’ ಎಂದು ನಾಮಕರಣ ಮಾಡಿಕೊಂಡಿದ್ದ. ಕೆಲಸ ಮಾಡುವಾಗ ಕೈ ನೆಟ್ಟಗಿರುತ್ತದೆ, ಸುಮ್ಮನಿದ್ದರೆ ನಡುಗುತ್ತದೆ. ಬೋಟಿನಲ್ಲಿ ಬಲೆ ಎಳೆಯುತ್ತಿದ್ದಷ್ಟು ಕಾಲ ಹತ್ತಿರ ಸುಳಿಯದ ಕಾಯಿಲೆ, ಬೋಟು ಬಿಟ್ಟು ಇನ್ನು ಹಾಯಾಗಿ ಗಾಳ ಹಾಕಿಕೊಂಡಿರೋಣ ಎಂದ ಮೇಲೆ ಬಂದು ವಕ್ಕರಿಸಿತ್ತು. ಗಾಳ ಹಾಕುವುದೆಂದರೆ ಸುಮ್ಮನಿರುವ ಕೆಲಸ. ದಾರ ಅಲುಗಿದರೆ ಮೀನು ಕಚ್ಚಿತೆಂದು ಅರ್ಥ. ಈಗ ದಾರ ಅಲುಗದ ಗಳಿಗೆಯೇ ಇಲ್ಲ. ಆ ತುದಿಯಲ್ಲಿ ಮೀನು ಒದ್ದಾಡಬೇಕಾದದ್ದು, ಈ ತುದಿಯಲ್ಲಿ ನಾನೇ ಒದ್ದಾಡುತ್ತಿದ್ದೇನಲ್ಲ ಎಂದು ಅವನಿಗೇ ನಗು ಬರುತ್ತಿತ್ತು. ನಗು ಮುಗಿದ ಮೇಲೆ ಸಂಕಟವಾಗುತ್ತಿತ್ತು. ಇವತ್ತೂ ಒಂದು ಮೀನು ಸಿಗದಿದ್ದರೆ ದಾರ, ಕೊಕ್ಕೆ ಎಲ್ಲವನ್ನೂ ಐತನಿಗೆ ಕೊಟ್ಟುಬಿಟ್ಟು, ಇನ್ನು ಮನೆಯಲ್ಲಿ ಟಿವಿ ನೋಡುತ್ತಾ ನಡುಗುವುದೆಂದು ತೀರ್ಮಾನಿಸಿಕೊಂಡೇ ಬಂದಿದ್ದ. ಕಾಯಿಲೆಯ ವಿಷಯ ಕೋಡಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದವನು ಮುತ್ತ ಒಬ್ಬನೇ.

ಹಳೆಯ ಜಂಬ ಮಾತ್ರ ಬಿಟ್ಟಿರಲಿಲ್ಲ. ಗಾಳ ಹಿಡಿದು ಹೊರಡುವಾಗಲೇ ಮಗಳು ಸೌಜನ್ಯಳಿಗೆ “ಮಸಾಲಿ ಕಡ್ದ್ ಇಡ್” ಎಂದು ಮೀನಿಗೆ ಮಸಾಲೆ ಅರೆದಿಡುವ ಅಪ್ಪಣೆ ಕೊಟ್ಟು ಬರುವುದು ಅವನ ಪದ್ಧತಿ. ಹೋದ ಭಾನುವಾರ ಆ ಮಸಾಲೆಯ ಮರ್ಯಾದೆ ಉಳಿಸಲು ಬಸ್ಸು ಹತ್ತಿ ತೆಕ್ಕಟ್ಟೆಗೆ ಹೋಗಿ ಒಂದು ಕೆಂಬೇರಿ ಮೀನು ಕೊಂಡು ತಂದು, ಗಾಳಕ್ಕೆ ಬಿದ್ದದ್ದು ಎಂದು ಹೇಳಿದ್ದ. ಕುಂದಾಪುರದ ಮಾರ್ಕೆಟ್ಟಿನಲ್ಲಿ ಕೊಳ್ಳುವಂತಿರಲಿಲ್ಲ. ಅಲ್ಲಿ ಮೀನು ಮಾರುವವಳು ಅವನ ಹೆಂಡತಿ.

ಆ ಹೆಂಡತಿ ಸೀತು, ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಈಗ ಕಲ್ಲು ದಾಟಿ ಬರುತ್ತಿದ್ದಳು. ಮಾರ್ಕೆಟ್ಟಿನಿಂದ ನೇರ ಮನೆಗೆ ಹೋಗುವವಳು ಇತ್ತ ಕಾಲು ಹಾಕಿದವಳೇ ಅಲ್ಲ. ಮುತ್ತ ಅವಸರದಲ್ಲಿ ಕೈಯನ್ನು ತೊಡೆಯ ಕೆಳಗೆ ತುರುಕಿದ. ತೊಡೆಯೂ ನಡುಗತೊಡಗಿತು.

“ಹ್ವಾಯ್, ಎಷ್ಟ್ ಸಿಕ್ತ್?”

“ಈಗಷ್ಟೇ ಕೂತದ್ದ್.”

“ಮಗಳ್ ಫೋನ್ ಮಾಡಿದ್ಲ್, ಮಸಾಲಿ ಕಡ್ದಾಯ್ತಂಬ್ರ್. ತೆಕ್ಕಟ್ಟಿ ಬಸ್ಸಿಗೆ ಇನ್ನೂ ಟೈಮಿತ್ತಾ?”

ಐತ ತನ್ನ ಗಾಳದ ಕಡೆಗೆ ಬಹಳ ಗಮನ ಕೊಟ್ಟು ನೋಡತೊಡಗಿದ.

“ನಿಂಗೆ ಯಾರ್ ಹೇಳಿದ್ದ್?” ಮುತ್ತನ ದನಿ ಅರ್ಧಕ್ಕಿಳಿದಿತ್ತು.

“ಯಾರ್ ಹೇಳ್ಕ್? ಗಾಳದ್ ಮೀನಿಗೆ ಬಾಯಲ್ ಗಾಯ ಇರತ್ತ್. ನೀವ್ ತಂದದ್ರ ಕಿವಿರಲ್ಲಿ ಐಸಿತ್ತ್. ಮೀನ್ ಮಾರೂಳಿಗೆ ಮೀನ್ ತೋರ್ಸಿ ಮೋಸ ಮಾಡುಕ್ ಹೊರಟ್ರಿ.”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮುತ್ತ ಕೈಯನ್ನು ತೊಡೆಯ ಕೆಳಗಿನಿಂದ ಹೊರಗೆ ತೆಗೆದ. “ಗೊತ್ತಾತಿಲ್ಲ ಸೀತು. ದಾರ ಅಲುಗುದ್ ಮೀನಾ, ನಾನಾ ಅಂತ ಗೊತ್ತಾತಿಲ್ಲ. ನನ್ನನ್ನ ನಾನೇ ಹಿಡೂಕ್ ಕೂತಂಗಿತ್ತ್.”

ಸೀತು ಬುಟ್ಟಿ ಕೆಳಗಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಅವನ ಪಕ್ಕದಲ್ಲೇ ಕೂತಳು.

“ಹಾಕಿ. ಅಲುಗಿದ್ದ್ ಯಾರಂತ ನಾನ್ ಕಾಣ್ತೆ.”

ಮುತ್ತ ಹೊಸ ಸಿಗಡಿ ಸಿಕ್ಕಿಸಿ ಎಸೆದ. ಅವನ ಕೈಗೂ ನೀರಿಗೂ ನಡುವಿನ ದಾರವನ್ನು ಸೀತು ತನ್ನ ತೋರುಬೆರಳಿಗೆ ಒಂದು ಸುತ್ತು ಹಾಕಿಕೊಂಡಳು. ಸ್ವಲ್ಪ ಹೊತ್ತಾಯಿತು. ದಾರ ಜಗ್ಗಿತು.

“ಬಂತಾ?”

“ಇಲ್ಲ. ನೀವ್.”

“ಈಗ?”

“ಈಗ್ಲೂ ನೀವೇ.”

“ಇದ್?”

“ಸುಮ್ನೆ ಕೂಕಣಿ ಮಾರ್ರೆ. ನಿಮ್ಮಷ್ಟ್ ಗಲಾಟಿ ಮೀನೂ ಮಾಡ್ತಿಲ್ಲ.”

ಐತ ನಗು ತಡೆಯಲಾರದೆ ಕೆಮ್ಮಿದ. ಮುತ್ತನೂ ನಕ್ಕ. ನೀರು ಏರುತ್ತಾ ಬಂದು ಕೆಳಗಿನ ಕಲ್ಲುಗಳನ್ನು ಮುಚ್ಚಿತು. ಮುತ್ತ ಕೇಳುವುದನ್ನು ಬಿಟ್ಟು ಸೀತುವಿನ ಬೆರಳನ್ನೇ ನೋಡುತ್ತಾ ಕೂತ. ಆ ಬೆರಳು ಇದ್ದಕ್ಕಿದ್ದಂತೆ ನೀರಿನ ಕಡೆಗೆ ಬಾಗಿತು.

“ಹ್ವಾಯ್,” ಎಂದಳು ಸೀತು, ಬೆರಳು ಬಿಡಿಸಿಕೊಳ್ಳುತ್ತಾ. “ಇದ್ ನೀವಲ್ಲ.”

ಮುತ್ತ ಎಳೆದ. ಎಳೆಯುವಷ್ಟು ಹೊತ್ತು ಅವನ ಕೈ ಬೋಟಿನ ಕಾಲದ ಕೈಯಾಗಿತ್ತು. ಒಂದು ಸಲವೂ ನಡುಗಲಿಲ್ಲ. ಗೇಣುದ್ದದ ಕೆಂಬೇರಿ ಕಲ್ಲಿನ ಮೇಲೆ ಬಿದ್ದು, ಬಾಯಲ್ಲಿ ಗಾಳದ ಗಾಯ ಮಾಡಿಕೊಂಡು, ಪಟಪಟ ಬಡಿದುಕೊಂಡಿತು. ಎಳೆಯುವ ಕೆಲಸ ಮುಗಿದದ್ದೇ ತಡ, ಮುತ್ತನ ಕೈಯೂ ಅದರ ಪಕ್ಕದಲ್ಲೇ ಬಡಿದುಕೊಳ್ಳತೊಡಗಿತು. ಮೀನು ಒಂದು ನೆಗೆತ ನೆಗೆದು ಕಲ್ಲಿನ ಅಂಚಿಗೆ ಬಂತು. ಐತ ಓಡಿ ಬಂದು ಬುಟ್ಟಿ ಕವುಚಿ ಹಾಕಿದ. ಅಷ್ಟರಲ್ಲಿ ಸೀತು ಎರಡೂ ಕೈಯಿಂದ ಮುತ್ತನ ಕೈಯನ್ನು ಗಟ್ಟಿಯಾಗಿ ಅಮುಕಿ ಹಿಡಿದಿದ್ದಳು.

“ತಪ್ಪ್ ಹಿಡ್ದೆ ಮಾರಾಯ್ತಿ,” ಎಂದ ಮುತ್ತ. “ಮೀನ್ ಆ ಬದಿಲಿತ್ತ್.”

“ಗೊತ್ತಿತ್ತ್,” ಎಂದಳು ಸೀತು, ಕೈ ಬಿಡದೆ. “ಮೀನ್ ಹಿಡೂಕೆ ಐತ ಇದ್ದ.”