ಅಖಾಡದಲ್ಲಿ ಸೋದರತ್ತೆ

ತಂಗಿಯ ಮದುವೆಯಲ್ಲಿ ಸೆಮಿಸಿ ಕುಣಿದ. ಕುಣಿಯುವವನ ಮೈಗೆ ಎಣ್ಣೆ ಹಚ್ಚಿ, ಬಂಧುಗಳು ಒಬ್ಬೊಬ್ಬರಾಗಿ ಬಂದು ನೋಟು ಅಂಟಿಸುವುದು ಪೆಸಿಫಿಕ್ ದ್ವೀಪ ಟೋಂಗಾದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಅವರ ಜನರ ಮರ್ಯಾದೆ. ಮೊದಲ ನೋಟು ಅಂಟಿಸಿದವಳು ಸೋದರತ್ತೆ ಸಿಸಿಲಿಯಾ. ಯಾರೋ ಅದರ ವಿಡಿಯೋ ಹಾಕಿದರು. ಕಾಲೇಜು ಆಟಗಾರ ಯಾರಿಂದಲೂ ಹಣ ಮುಟ್ಟುವಂತಿಲ್ಲ ಎಂಬ ನಿಯಮ ತೋರಿಸಿ ಕಾಲೇಜು ಅವನನ್ನು ಫುಟ್‌ಬಾಲ್ ತಂಡದಿಂದ ತೆಗೆದುಹಾಕಿತು, ವಿದ್ಯಾರ್ಥಿವೇತನ ನಿಲ್ಲಿಸಿತು. ಅವನ ನಂಬರಿನ ಅಂಗಿಗಳು ಕಾಲೇಜಿನ ಅಂಗಡಿಯಲ್ಲಿ ಆ ವಾರವೂ ಮಾರಾಟವಾದವು.

ಈಗ ಅವನು ಟೆಕ್ಸಸ್ಸಿನ ಮಾಜಿ ಸೈನಿಕರ ಸಭಾಂಗಣದ ಹಿಂದಿನ ಕೋಣೆಯಲ್ಲಿ, ಕೊರಳಿಗೆ ಪ್ಲಾಸ್ಟಿಕ್ ಮೂಳೆಗಳ ಸರ ಹಾಕಿಕೊಂಡು ನಿಂತಿದ್ದ. ಅವತ್ತು ಅವನ ಮೊದಲ ಕುಸ್ತಿ. ಸರ, ಕುಸ್ತಿ ಕಂಪನಿಯ ಯಜಮಾನ ವೆಂಡೆಲ್‌ನದು.

"ಈ ಆಟದಲ್ಲಿ ನೀನು ಖಳನಾಯಕ, ಕಾಡುಮನುಷ್ಯ. ಮಾತಾಡೋ ಹಾಗಿಲ್ಲ, ಬರೀ ಗುರ್ ಅನ್ಬೇಕು. ಜನ ನಿನ್ನ ನೋಡಿ ಉಗೀಬೇಕು. ಉಗಿದ್ರೆ ನಾಳೆಯಿಂದ ವರ್ಷಪೂರ್ತಿ ಕೆಲಸ. ನಕ್ಕರೋ, ಸೀದಾ ಮನೆಗೆ."

"ನಾನು ಮೂರು ವರ್ಷ ಎಕನಾಮಿಕ್ಸ್ ಓದಿದೀನಿ ಸರ್."

"ಎಲ್ಲಿ, ಗುರ್ ಅನ್ನು, ಕೇಳೋಣ."

"ಗುರ್."

"ಎಕನಾಮಿಕ್ಸ್ ವಾಸನೆ ಹೊಡೀತಿದೆ. ಇನ್ನೂ ಒರಟಾಗಿ."

ವೆಂಡೆಲ್ ಆಚೆ ಹೋದ. ಸೆಮಿಸಿ ಗೋಡೆಗೆ ಮುಖ ಮಾಡಿ ಗುರ್ ಎನ್ನುತ್ತ ನಿಂತ. ಕಾಲೇಜು ಬಿಟ್ಟಮೇಲೆ ವಿಮಾನ ನಿಲ್ದಾಣದಲ್ಲಿ ಕಂಡವರ ಪೆಟ್ಟಿಗೆ ಎತ್ತಿ ಹಾಕಿ ಸಾಕಾಗಿಹೋಗಿತ್ತು. ಜನರ ಮುಂದೆ ಮತ್ತೆ ಮೈಬಿಚ್ಚಿ ಆಡುವ ಅವಕಾಶ ಸಿಗುವುದಾದರೆ ಮೂಳೆ ಸರವನ್ನೂ ಹೊರುತ್ತೇನೆ ಎಂದುಕೊಂಡಿದ್ದ.

ಬಾಗಿಲು ನೂಕಿಕೊಂಡು ಸಿಸಿಲಿಯಾ ಅತ್ತೆ ಒಳಬಂದಳು. ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ.

"ಯಾರೂ ಬರಬೇಡಿ ಅಂದಿದ್ದೆ ಅತ್ತೆ."

"ಅಂದಿದ್ದೆ. ಮೂರು ಸಾಲು ತುಂಬ್ಕೊಂಡು ಕೂತಿದೀವಿ. ಬಗ್ಗು, ಮೈಯೆಲ್ಲ ಬಿರುಕು ಬಿಟ್ಟಿದೆ." ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದ ಅವಳ ಕೈ ಸ್ವಲ್ಪ ತಡೆಯಿತು. "ಒಂದು ಕೇಳ್ತೀನಿ. ದುಡ್ಡು ಮುಟ್ಟಬಾರದು ಅನ್ನೋ ಆ ಕಾನೂನು ಇಲ್ಲೂ ಇದೆಯಾ?"

"ಇಲ್ಲ ಅತ್ತೆ. ಇಲ್ಲಿ ದುಡ್ಡು ತಗೊಂಡೇ ಒದೆ ತಿನ್ನೋದು."

ಅತ್ತೆಯ ಮುಖ ಊರಗಲವಾಯಿತು. ಮದುವೆಯ ಆ ದಿನದಿಂದ ಅವಳು ಯಾರ ಮನೆಯ ಸಂಭ್ರಮದಲ್ಲೂ ಹೆಜ್ಜೆ ಹಾಕಿರಲಿಲ್ಲ. ಏನು ಯೋಚನೆ ಬಂತೆಂದು ಸೆಮಿಸಿ ಕೇಳುವಷ್ಟರಲ್ಲಿ ಹೊರಗೆ ಡೋಲು ಶುರುವಾಯಿತು.

ಜನರಲ್ಲಿ ಕಾಡಿನ ಭಯ ಹುಟ್ಟಲೆಂದು ವೆಂಡೆಲ್ ಹಾಕಿಸಿದ ಡೋಲು ಅದು. ಸೆಮಿಸಿ ಹಗ್ಗ ದಾಟಿ ಅಖಾಡದ ನಡುವೆ ನಿಂತು ಗುರ್ ಎಂದ. ಸಭೆ ಒಂದೇ ಕೊರಳಲ್ಲಿ ಛೀ ಥೂ ಎಂದಿತು. ಎದುರು ಮೂಲೆಯಲ್ಲಿ ಊರವರ ಮುದ್ದಿನ ಕೌಬಾಯ್ ಟ್ರಾವಿಸ್ ಟೋಪಿ ಬೀಸುತ್ತಿದ್ದ. ಗೆಲ್ಲುವವನು ಅವನೇ ಎಂದು ಮಧ್ಯಾಹ್ನವೇ ತೀರ್ಮಾನವಾಗಿತ್ತು. ಎಲ್ಲವೂ ಯಜಮಾನ ಹೇಳಿದಂತೆಯೇ ನಡೆದಿತ್ತು. ಆದರೆ ಡೋಲು ಕೇಳಿದ ಮೇಲೆ ಕುರ್ಚಿಯಲ್ಲಿ ಕೂರುವುದು ಆ ಮೂರು ಸಾಲಿನವರ ಜಾಯಮಾನವಲ್ಲ. ಎಲ್ಲರಿಗಿಂತ ಮುಂದೆ, ಲಂಗ ಎತ್ತಿ ಹಿಡಿದು ಸಿಸಿಲಿಯಾ ಅತ್ತೆ ಮೆಟ್ಟಿಲು ಹತ್ತಿದಳು.

ಹಗ್ಗದಡಿ ನುಸುಳಿ ಬಂದವಳೇ ಸೋದರಳಿಯನ ಸುತ್ತ ಕೈ ತಿರುವುತ್ತ ಕುಣಿದಳು. "ನಾಯಿ ಕಡಿಯೋ ಮೂಳೆ ಇದು, ತೆಗಿ ಆಚೆ," ಎಂದು ಸರ ಕಿತ್ತು ಬಿಸಾಡಿ, ಎಣ್ಣೆ ಮಿನುಗುವ ಎದೆಗೆ ಪಟ್ಟನೆ ಒಂದು ನೋಟು ಅಂಟಿಸಿದಳು. ಹಿಂದೆಯೇ ಚಿಕ್ಕಮ್ಮಂದಿರು, ಮಾವಂದಿರು. ಟ್ರಾವಿಸ್ ಹೊಡೆಯಬೇಕೋ ಬಿಡಬೇಕೋ ತಿಳಿಯದೆ, ಹಿರಿಯ ಹೆಂಗಸಿನ ಮುಂದೆ ಟೋಪಿ ತೆಗೆದು ನಿಂತ. ಅತ್ತೆ ಅವನ ಹಣೆಗೂ ಒಂದು ಅಂಟಿಸಿದಳು. "ನೀನೂ ಯಾರ ಮನೆ ಮಗುವೋ, ಕುಣಿಯೋ!" ಅವನು ಕುಣಿದ. ಉಗಿಯುತ್ತಿದ್ದ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದಿನ ಸಾಲಿನ ಬೂಟುಗಾಲಿನ ಮುದುಕನೊಬ್ಬ ನೋಟು ಹಿಡಿದು, ಎಲ್ಲಿ ಅಂಟಿಸಲಿ ಎಂದು ಕೇಳುತ್ತ ಸರದಿಯಲ್ಲಿ ಬಂದು ನಿಂತ.

ವೆಂಡೆಲ್ ಓಡಿಬಂದು ಅಖಾಡದ ಅಂಚನ್ನು ಗುದ್ದಿದ.

"ತಳ್ಳೋ ಆ ಮುದುಕೀನ! ಹಗ್ಗದಾಚೆ ಎಸಿ! ಇದಕ್ಕಿಂತ ಒಳ್ಳೆ ದ್ವೇಷ ದುಡ್ಡು ಕೊಟ್ರೂ ಸಿಗಲ್ಲ. ಒಂದೇ ಒಂದು ಸಲ ತಳ್ಳು, ಐದು ವರ್ಷದ ಕೆಲಸ ನಿಂದು!"

ಕಾಲೇಜಿನವರ ಮುಂದೆ ಕೈಕಟ್ಟಿ ನಿಂತು, ನಮ್ಮತ್ತೆಗೆ ತಿಳಿವಳಿಕೆ ಸಾಲದು, ಕ್ಷಮಿಸಿ ಎಂದದ್ದು ಸೆಮಿಸಿಗೆ ನೆನಪಾಯಿತು. ಕ್ಷಮೆಯನ್ನು ಇಟ್ಟುಕೊಂಡು ಅವನನ್ನು ಹೊರಗೆ ಹಾಕಿದ್ದರು.

"ನಮ್ಮಲ್ಲಿ ಸೋದರತ್ತೆ ಎದುರಿಗೆ ಎದೆ ಸೆಟೆಸಿ ನಿಲ್ಲೋದೂ ಇಲ್ಲ ಸರ್," ಎಂದು ಅವನು ಬಾಯಿಬಿಟ್ಟ. "ತಳ್ಳಲೇಬೇಕು ಅಂದ್ರೆ ನೀವೇ ಬನ್ನಿ. ಅವರ ತಮ್ಮಂದಿರು ಅಗೋ, ಅಲ್ಲೇ ಇದಾರೆ."

"ಕಾಡುಮನುಷ್ಯ ಮಾತಾಡ್ತಾನೆ!" ಎಂದು ಯಾರೋ ಕೂಗಿದರು. ಸಭೆ ಮತ್ತೆ ಗೊಳ್ಳೆಂದಿತು.

ವೆಂಡೆಲ್ ಡೋಲು ನಿಲ್ಲಿಸಲು ಕೈ ಮಾಡಿದ. ಡೋಲು ನಿಂತಿತು. ಮೂರು ಸಾಲಿನವರ ಚಪ್ಪಾಳೆ ನಿಲ್ಲಲಿಲ್ಲ. ಮಿಕ್ಕವರ ಬೂಟುಗಳೂ ನೆಲಕ್ಕೆ ಬಡಿದು ತಾಳ ಹಿಡಿದವು.

"ಆಟ ಮುಗೀತು! ನಿನ್ನ ಕೆಲಸಾನೂ ಮುಗೀತು! ಇಳಿ ಕೆಳಗೆ!"

ಕೊರಳಿಂದ ಹೊಕ್ಕುಳವರೆಗೆ ನೋಟು ಹೊದ್ದಿದ್ದ ಸೆಮಿಸಿ, ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬಾರದಂಥ ಆಳು, ಅತ್ತೆಗೆ ತಲೆಬಾಗಿಸಿ ಇನ್ನೊಂದು ಸುತ್ತು ಕುಣಿದ.

"ಇಳಿಯಲ್ಲ ಸರ್. ಹೊರಗೆ ಹಾಕೋ ಹಾಗಿದ್ರೆ ಬನ್ನಿ, ಎತ್ಕೊಂಡು ಹೋಗಿ."