ಸೊಸೆಯ ಬ್ರೇಕು

"ಇವ್ಳು ಒತ್ತಿದ್ದು ಬ್ರೇಕಲ್ಲ, ಆಕ್ಸಿಲೇಟರ್ರು. ಊರೇ ನೋಡೈತೆ," ಎಂದು ಬಸವೇಶ್ ಗ್ಯಾರೇಜಿನ ದೇವರಾಜನಿಗೆ ಹೇಳುತ್ತಿದ್ದ. "ಬಂಪರ್ರು, ರೇಡಿಯೇಟರ್ರು ಸರಿ ಮಾಡ್ಕೊಡು, ಸಾಕು. ಭಾನುವಾರ ಗಿರಾಕಿ ಬತ್ತಾನೆ, ಮಾರ್ಬಿಡ್ತೀನಿ."

ಹೆಂಡತಿ ಅಮೂಲ್ಯಾ ಪಕ್ಕದಲ್ಲೇ ನಿಂತಿದ್ದಳು. ಕಡೂರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಬಸ್ಸಿಗೆ ಕಾಯುವ ಪಾಡು ತಪ್ಪಿ, ಹಳ್ಳಿಯಿಂದ ತಾನೇ ಕಾರು ಓಡಿಸಿಕೊಂಡು ಬರಲು ಶುರುಮಾಡಿ ಮೂರು ತಿಂಗಳಾಗಿತ್ತಷ್ಟೆ. ಸೋಮವಾರ ಬೆಳಿಗ್ಗೆ ಊರಿನ ಹಾಲಿನ ಡೇರಿ ಮುಂದೆ ಕಾರು ನಿಲ್ಲಲಿಲ್ಲ. ಎರಡು ಕ್ಯಾನು ಉರುಳಿಸಿ ಕಲ್ಲುಕಟ್ಟೆಗೆ ಗುದ್ದಿತು. ಕ್ಯಾನಿನ ಪಕ್ಕದಲ್ಲಿದ್ದ ಕೆಂಚಮ್ಮ ಕೂದಲೆಳೆಯಲ್ಲಿ ಪಾರಾಗಿದ್ದಳು, ಅಂದಿನಿಂದ ಅವಳಿಗೆ ಬೇರೆ ಮಾತೇ ಇರಲಿಲ್ಲ. ತಾನು ಒತ್ತಿದ್ದು ಬ್ರೇಕೇ ಎಂದು ಮೂರು ದಿನದಿಂದ ಕಂಡಕಂಡವರಿಗೆಲ್ಲ ಹೇಳಿ ಹೇಳಿ, ಯಾರೂ ನಂಬದೆ, ಈಗ ಅಮೂಲ್ಯಾಳಿಗೇ ತನ್ನ ಕಾಲಿನ ಮೇಲೆ ನಂಬಿಕೆ ಹೋಗಿತ್ತು.

"ದೇವರಾಜಣ್ಣ, ಬ್ರೇಕೂ ಒಂದ್ಸಲ ನೋಡಿ," ಎಂದಳು ಮೆಲ್ಲಗೆ. "ಮೊದಲೆಲ್ಲ ಒತ್ತಿದ್ರೆ ಕಿರ್ರೋ ಅಂತಿತ್ತು. ಅವತ್ತು ಸದ್ದೇ ಬರ್ಲಿಲ್ಲ."

"ಸದ್ದು ಬರ್ಲಿಲ್ಲ ಅಂದ್ರೆ ಒತ್ತಿಲ್ಲ ಅಂತ ಕಣೇ," ಎಂದ ಬಸವೇಶ್. ಗಂಡನಾದವನಿಗೆ ಅಷ್ಟು ತರ್ಕ ಸಾಕು.

ದೇವರಾಜ ಆ ಮಾತಿಗೆ ಕಿವಿಗೊಡದೆ ಮುಂದಿನ ಚಕ್ರ ಬಿಚ್ಚಿದ. ಒಳಗಿನ ಬ್ರೇಕ್ ಡಿಸ್ಕಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದ. ಎದ್ದು ಹೋಗಿ ಆಚೆ ಬದಿಯ ಚಕ್ರವನ್ನೂ ಬಿಚ್ಚಿ ಮೂಸಿದ.

"ಕೊಬ್ಬರಿ ಎಣ್ಣೆ ಕಣ್ರೀ. ಎರಡೂ ಕಡೆ ಚೆನ್ನಾಗಿ ಕುಡ್ಸವ್ರೆ. ಇದ್ರ ಮೇಲೆ ಯಾರು ಬ್ರೇಕ್ ಒತ್ತಿದ್ರೂ ಗಾಡಿ ಜಾರ್ಕೊಂಡೇ ಹೋಗೋದು. ಯಾರ್ ಹಾಕಿದ್ದು?"

ಬಸವೇಶ್ ಹೆಂಡತಿಯ ಕಡೆ ತಿರುಗಿದ. ಅಮೂಲ್ಯಾ ಮಾವನ ಕಡೆ ನೋಡಿದಳು. ಕಾರನ್ನು ಎಳೆದುಕೊಂಡು ಬಂದ ಟ್ರಾಕ್ಟರಿನಲ್ಲಿ ಯಾರೂ ಕರೆಯದೆ ತಾನೇ ಹತ್ತಿ ಕೂತು ಬಂದಿದ್ದ ಬೆನಕಪ್ಪ, ಹಳೇ ಟೈರೊಂದರ ಮೇಲೆ ಕೂತು ನೆಲ ನೋಡುತ್ತಿದ್ದ. ನಲವತ್ತು ವರ್ಷ ಎಣ್ಣೆ ಗಾಣ ನಡೆಸಿದ ಆಸಾಮಿ. ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೂ, ಮಂಚ ಕಿರುಗುಟ್ಟಿದರೂ ಎಣ್ಣೆ ಬಟ್ಟಲು ಹಿಡಿದು ಹೊರಡುವವನು ಅವನೇ. ಅವಳಿಗೆ ತಿಳಿದುಹೋಯಿತು. ನಾಲ್ಕು ಜನರ ಮುಂದೆ ಮಗ ಅಪ್ಪನಿಗೆ ಬೈಯುವುದು ಅವಳಿಗೆ ಬೇಕಿರಲಿಲ್ಲ.

"ನಾನೇ ಹಾಕಿದ್ದು," ಎಂದಳು.

"ಸುಮ್ನಿರು ತಾಯಿ," ಎಂದು ಬೆನಕಪ್ಪ ಎದ್ದು ನಿಂತ. "ನಾನು ಕಣೋ ಬಸವೇಶ. ದಿನಾ ಬೆಳಿಗ್ಗೆ ಡೇರಿ ಮುಂದೆ ಇದು ಕಿರ್ರ್ ಅನ್ನೋದು, ಅಲ್ಲಿದ್ದೋರೆಲ್ಲ ಹಲ್ಲು ಬಿಡೋರು. ಈ ಮಗು ತಲೆ ತಗ್ಗಿಸ್ಕೊಂಡು ಹೋಗೋದು. ನನ್ ಕೈಲಿ ನೋಡಕ್ಕಾಗ್ಲಿಲ್ಲ. ಸೋಮವಾರ ಇವ್ಳು ಏಳೋಕೆ ಮುಂಚೆ ಚಕ್ರದ ಸಂದೀಲಿ ಎಣ್ಣೆ ಬಿಟ್ಟೆ. ಕಾರು ಗುದ್ದಿದ್ಮೇಲೆ ಅನುಮಾನ ಬಂತು. ಮೂರು ದಿನದಿಂದ ಹೇಳ್ಬೇಕು ಅಂತಿದ್ದೆ, ಬಾಯೇ ಬರ್ಲಿಲ್ಲ."

ದೇವರಾಜ ಮುದುಕನ ಮೇಲೆ ಕನಿಕರಪಟ್ಟು, "ಅದು ಕೂಗ್ತಿದ್ದಿದ್ದು ಬ್ರೇಕ್ ಪ್ಯಾಡ್ ಸವೆದೈತೆ, ಬದಲಾಯಿಸಿ ಅಂತ ಯಜಮಾನ್ರೇ. ಅದು ಕೂಗ್ಲಿ ಅಂತ್ಲೇ ಕಂಪನಿಯೋರು ಒಂದು ತಗಡು ಇಟ್ಟಿರ್ತಾರೆ," ಎಂದ. ಅಮೂಲ್ಯಾಳಿಗೆ ತಗಡೂ ಬೇಕಿರಲಿಲ್ಲ, ಪ್ಯಾಡೂ ಬೇಕಿರಲಿಲ್ಲ. "ಹಂಗಾದ್ರೆ ನಾನು ಒತ್ತಿದ್ದು ಬ್ರೇಕೇ, ಅಲ್ವಾ ದೇವರಾಜಣ್ಣ?" ಎಂದು ಎರಡು ಸಲ ಕೇಳಿದಳು. ಅವನು ಎರಡು ಸಲವೂ ಹೌದು ಎಂದ. ಅವಳು ಅತ್ತ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಬಂಪರ್ರು, ರೇಡಿಯೇಟರ್ರು ಸರಿಮಾಡಿಸಿ, ಡಿಸ್ಕು ತೊಳೆಸಿ, ಹೊಸ ಪ್ಯಾಡ್ ಹಾಕಿಸಿ, ಬಸವೇಶ್ ತಾನೇ ಕಾರು ಓಡಿಸಿಕೊಂಡು ಮನೆಗೆ ತಂದ. ಗಿರಾಕಿಗೆ ಬರಬೇಡ ಎಂದು ಫೋನೂ ಮಾಡಿದ. ಆದರೆ ಕೀ ಕೊಡಲು ಹೋದರೆ ಅಮೂಲ್ಯಾ ಕೈ ಚಾಚಲಿಲ್ಲ. "ಡೇರಿ ಮುಂದೆ ಮತ್ತೆ ಓಡ್ಸಕ್ಕೆ ನನ್ ಕೈಲಾಗಲ್ಲ ಕಣ್ರೀ," ಎಂದಳು. ಆ ಸಂಜೆ ಬೆನಕಪ್ಪ ಡೇರಿಗೆ ಹೋಗಿ, ತಪ್ಪು ನನ್ನದು ಎಂದು ಎಲ್ಲರೆದುರು ಒಪ್ಪಿಕೊಂಡ. ಯಾರೂ ನಂಬಲಿಲ್ಲ. "ಸೊಸೆ ಮಾನ ಉಳಿಸೋಕೆ ಒಳ್ಳೆ ಕಥೆ ಕಟ್ಟವ್ನೆ," ಎಂದಳು ಕೆಂಚಮ್ಮ. ಎಲ್ಲರೂ ನಕ್ಕರು. ಇಷ್ಟು ವಯಸ್ಸಾದ ಮೇಲೆ ಮೊದಲ ಸಲ ತಪ್ಪೊಪ್ಪಿಕೊಂಡ ಮನುಷ್ಯನಿಗೆ ಸಿಕ್ಕ ಮರ್ಯಾದೆ ಅದು.

ಮಾರನೆಯ ಬೆಳಿಗ್ಗೆ ಬೆನಕಪ್ಪ ಸೊಸೆಯ ಕೈಗೆ ಕೀ ಇಟ್ಟು, "ನಿಧಾನಕ್ಕೆ ಬಾ ತಾಯಿ, ನಾನು ಮುಂದೆ ನಡೀತಿರ್ತೀನಿ," ಎಂದು ಹೊರಟ. ಮಾವನ ಮಾತು ತೆಗೆದುಹಾಕಲಾರದೆ ಅವಳು ಕಾರು ಹತ್ತಿದಳು. ಕಾರು ತಿರುವಿನಲ್ಲಿ ಕಾಣಿಸಿಕೊಂಡದ್ದೇ ತಡ, ಡೇರಿ ಮುಂದೆ ಸಾಲು ನಿಂತವರೆಲ್ಲ ಕ್ಯಾನು ಎತ್ತಿಕೊಂಡು ಕಟ್ಟೆ ಹತ್ತಿದರು. ಬೆನಕಪ್ಪ ಮಾತ್ರ ರಸ್ತೆಯ ನಡುಮಧ್ಯಕ್ಕೆ ಹೋಗಿ, ಬರುತ್ತಿದ್ದ ಕಾರಿಗೆ ಎದುರಾಗಿ ನಿಂತುಕೊಂಡ.

"ಬೆನಕಪ್ಪಣ್ಣ, ಈಚೆಗ್ ಬಾ," ಎಂದಳು ಕೆಂಚಮ್ಮ ಗಾಬರಿಯಿಂದ. "ನಿನ್ ಸೊಸೆ ಬತ್ತಾವ್ಳೆ."

"ಬರ್ಲಿ ಬಿಡು ಕೆಂಚಮ್ಮ," ಎಂದ ಬೆನಕಪ್ಪ, ನಿಂತಲ್ಲಿಂದ ಕದಲದೆ. "ನಿಲ್ಲಿಸ್ತಾಳೆ."