ಕಿಲೋಕ್ಕೆ ನೂರು ಗ್ರಾಂ

"ಇದನ್ನ ಇವತ್ತ ಒಯ್ಯಬ್ಯಾಡ್ರಿ ಮಲ್ಕಪ್ಪಣ್ಣ. ಈ ಕಾಂಟಾ ಸುಳ್ಳ ಹೇಳತದ. ಕಿಲೋಕ್ಕ ನೂರು ಗ್ರಾಂ ಹೆಚ್ಚು ತೋರಸ್ತದ. ನಾಳಿಗಿ ಸರಿ ಮಾಡಿ ಇಟ್ಟಿರ್ತೀನಿ" ಎಂದು ಇಮಾಮುದ್ದೀನ್ ಎಲೆಕ್ಟ್ರಾನಿಕ್ ತಕ್ಕಡಿಯನ್ನು ತನ್ನ ಕಡೆಗೆ ಎಳೆದುಕೊಂಡ. ಕಲಬುರಗಿಯ ಮೋಮಿನಪುರದ ಅವನ ಅಂಗಡಿಯಲ್ಲಿ ಇರುವುದೆಲ್ಲ ಯಾರೋ ಬಳಸಿ ಬಿಟ್ಟ ಸಾಮಾನು. ಆದರೆ ಯಾವುದಕ್ಕೆ ಏನು ರೋಗ ಅಂತ ಗಿರಾಕಿ ಕೇಳುವ ಮೊದಲೇ ಹೇಳಿಬಿಡುವುದು ಅವನ ಚಾಳಿ.

"ಇರಲಿ ಬಿಡು. ಸರಿ ಮಾಡೂದು ಬ್ಯಾಡ, ಹಿಂಗೇ ಕೊಡು" ಎಂದ ಮಲ್ಕಪ್ಪ. ಚೌಕಾಸಿಯನ್ನೂ ಮಾಡಲಿಲ್ಲ. ದೋಷ ಹೇಳಿದ ಮೇಲೂ ಬೆಲೆ ಇಳಿಸು ಅನ್ನದ ಗಿರಾಕಿಯನ್ನು ಇಮಾಮುದ್ದೀನ್ ನೋಡಿದ್ದು ಅದೇ ಮೊದಲು. "ಯಾಪಾರಕ್ಕೇನ್ರಿ?" ಎಂದು ಕೇಳಿದ. "ಛೇ ಛೇ, ಮನ್ಯಾಗ ಬ್ಯಾಳಿ ತೂಗಾಕ. ಅಂದಾಜು ಸಿಕ್ಕರ ಸಾಕು" ಅಂದ ಮಲ್ಕಪ್ಪ, ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದ.

ಮನೆಯಲ್ಲಿ ತೂಗುವ ಬೇಳೆ ಯಾವುದೂ ಇರಲಿಲ್ಲ. ಇದ್ದದ್ದು ಮನೆಯ ಮುಂದೆಯೇ ಹಾಕಿದ ಕೆಂಪು ಬಾಳೆಹಣ್ಣಿನ ಅಂಗಡಿ. ಅಲ್ಲಿ ಕೂತು ತೂಗುವವಳು ಹೆಂಡತಿ ದುಂಡಮ್ಮ. ತೂಗಿದ ಮೇಲೆ ಒಂದು ಹಣ್ಣು ಕೊಸರು ಹಾಕದೆ ಆಕೆ ಯಾರನ್ನೂ ಕಳಿಸಿದವಳಲ್ಲ. "ಕೊಸರು ಹಾಕದ ಕೈಗಿ ಬರಕತ್ತು ಇರಂಗಿಲ್ಲ" ಎನ್ನುವುದು ಅವಳ ಮಾತು; "ಹಿಂಗಾದ್ರ ಮನಿ ಉಳಿಯಂಗಿಲ್ಲ" ಎನ್ನುವುದು ಇವನ ಮಾತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ಬೈದರೂ ನಿಲ್ಲದ ಆ ಕೈಯನ್ನು ಬಿಟ್ಟು ಮಲ್ಕಪ್ಪ ತಕ್ಕಡಿಯನ್ನೇ ಬದಲಿಸಿದ. ಅವಳು ಕೊಟ್ಟ ಕೊಸರನ್ನು ತಕ್ಕಡಿ ಸದ್ದಿಲ್ಲದೆ ವಾಪಸ್ ತೆಗೆದುಕೊಳ್ಳತೊಡಗಿತು. ಪಾಪ, ದುಂಡಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಮಗಳು ಪ್ರೀತಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸು ಹುಟ್ಟಿದ್ದೇ ಸಣ್ಣದು. ವಾರದೊಳಗೆ ಎರಡೂವರೆ ಕಿಲೋ ಆಗದಿದ್ದರೆ ತಡಮಾಡದೆ ಕಲಬುರಗಿಗೆ ಕರೆತನ್ನಿ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ಆ ವಾರ ಮುಗಿಯುತ್ತ ಬಂದಿತ್ತು; ಹಿಂದಿನ ದಿನದಿಂದ ಅದು ಹಾಲನ್ನೂ ಸರಿಯಾಗಿ ಕುಡಿದಿರಲಿಲ್ಲ. ಪ್ರೀತಿ ಗಾಬರಿಯಿಂದ ಬಟ್ಟೆಯ ಚೀಲ ತುಂಬಿಕೊಂಡು ಹೊರಟು ನಿಂತಾಗ ದುಂಡಮ್ಮ, "ತಡಿಯವ್ವ, ನಮ್ಮ ಕಾಂಟಾದಾಗ ಒಮ್ಮಿ ನೋಡೇಬಿಡಮ" ಎಂದು ಹಣ್ಣು ಸರಿಸಿ, ತೆಳ್ಳನೆಯ ಬಟ್ಟೆ ಹಾಸಿ, ಕೂಸನ್ನು ತಕ್ಕಡಿಯ ಮೇಲೆ ಮಲಗಿಸಿದಳು. ಎರಡು ಕಿಲೋ ಆರುನೂರು!

"ಬಂತಲ್ಲ ನನ್ನ ಬಂಗಾರ! ಯಾಕ ಸುಮ್ನ ಹಸಿ ಬಾಣಂತಿ ಬಸ್ಸಿನಾಗ ಕುಲುಕಾಡೂದು? ಇಳಸು ಚೀಲ" ಎಂದು ದುಂಡಮ್ಮ ಲಟಿಕೆ ಮುರಿದಳು. ಪ್ರೀತಿಗೆ ಹೋದ ಜೀವ ಬಂದಂತಾಯಿತು. ಬಾಗಿಲಲ್ಲಿ ನಿಂತಿದ್ದ ಮಲ್ಕಪ್ಪನಿಗೆ ಮಾತ್ರ ಬಾಯಲ್ಲಿ ಬಿಸಿ ತುಪ್ಪ ಇಟ್ಟ ಹಾಗಾಯಿತು. ಮೊಮ್ಮಗುವಿನ ಸಣ್ಣ ಮುಖ ನೋಡಿ ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

"ಚೀಲ ಇಳಸಬ್ಯಾಡ್ರಿ. ಆ ತೂಕ ಖರೇ ಅಲ್ಲ. ಕಾಂಟಾ ಹೆಚ್ಚು ತೋರಸ್ತದ. ಕೂಸು ಇನ್ನಾ ಎರಡೂವರಿ ಆಗಿಲ್ಲ."

"ಏನಂದ್ರಿ? ನಿಮಗ್ಯಾರು ಹೇಳಿದ್ರು?" ಎಂದಳು ದುಂಡಮ್ಮ.

ಅಷ್ಟು ಹೇಳಿದವನು ಉಳಿದದ್ದನ್ನೂ ಹೇಳಬಹುದಿತ್ತು. ನಾಲಗೆ ಬೇರೆ ದಾರಿ ಹಿಡಿಯಿತು. "ಆ ಇಮಾಮುದ್ದೀನ ನನಗ ಮೋಸ ಮಾಡ್ಯಾನ" ಎಂದುಬಿಟ್ಟ. ಮೋಸ ಗೊತ್ತಿದ್ದೂ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಆ ಗಡಿಬಿಡಿಯಲ್ಲಿ ಯಾರೂ ಕೇಳಲಿಲ್ಲ. ಪ್ರೀತಿ ಕೂಸನ್ನು ಸುತ್ತಿಕೊಂಡಳು. ಮಲ್ಕಪ್ಪ ಓಡಿಹೋಗಿ ಆಟೋದವನನ್ನು ಕೂಗಿ ಬರುವಷ್ಟರಲ್ಲಿ, ತಕ್ಕಡಿಗೆ ಅಂಟಿಸಿದ್ದ ಇಮಾಮುದ್ದೀನನ ಅಂಗಡಿಯ ನಂಬರಿಗೆ ದುಂಡಮ್ಮ ಫೋನ್ ಹಚ್ಚಿ ಸ್ಪೀಕರ್ ಹಾಕಿದ್ದಳು.

"ಸುಳ್ಳ ಕಾಂಟಾ ಮಾರೀರಲ್ಲ ಭಾಯ್, ಅಲ್ಲಾನ ಅಂಜಿಕಿ ಇಲ್ಲೇನ್ರಿ ನಿಮಗ? ಇದನ್ನ ನಂಬಿ ಕೂಸಿಗಿ ದವಾಖಾನಿಗಿ ಒಯ್ಯೂದೇ ಬಿಡತಿದ್ವಿ!"

"ಕಮಲಾಪುರದ ಮಲ್ಕಪ್ಪಣ್ಣನ ಮನ್ಯಾಗಿಂದೇನ್ರಿ ಅಕ್ಕಾ? ಕೂಸಿಂದು ಎಷ್ಟು ತೋರಸ್ತು?"

"ಎರಡು ಕಿಲೋ ಆರುನೂರು."

"ಅದರಾಗ ಹತ್ರ ಹತ್ರ ಕಾಲು ಕಿಲೋ ಕಡಿಮಿ ಹಿಡೀರಿ. ಮೊದಲ ದವಾಖಾನಿಗಿ ನಡೀರಿ, ಜಗಳ ಆಮ್ಯಾಲ ಆಡಮ."

"ಆಡತೀನಿ, ಬಿಡಂಗಿಲ್ಲ. ಇಷ್ಟೆಲ್ಲಾ ಗೊತ್ತಿದ್ದವರು ಮಾರೂಮುಂದ ಯಾಕ ಹೇಳಲಿಲ್ಲ?"

"ಅಣ್ಣಾವ್ರು ಬಾಜೂಕ ಅದಾರೇನ್ರಿ? ಅವರ ಕೈಯಾಗ ಕೊಡ್ರಿ" ಎಂದ ಇಮಾಮುದ್ದೀನ್. ದುಂಡಮ್ಮ ಫೋನನ್ನು ಗಂಡನ ಕಡೆ ಚಾಚಿದಳು. "ಮಲ್ಕಪ್ಪಣ್ಣ, ನಾ ಅವತ್ತ ಹೇಳಿದ್ದು ನೀವ ಹೇಳತೀರೋ, ನಾನೇ ಹೇಳ್ಲೋ?" ಎಂಬ ಮಾತು ಅಲ್ಲಿದ್ದವರಿಗೆಲ್ಲ ಕೇಳಿಸಿತು.

ಇನ್ನು ಅಡಗಿಸಲು ಏನೂ ಉಳಿದಿರಲಿಲ್ಲ. "ಹೇಳಿದ್ದ. ನಾನೇ ಬೇಕಂತ ತಂದೀನಿ" ಎಂದ ಮಲ್ಕಪ್ಪ ನೆಲ ನೋಡಿಕೊಂಡು. ಆಟೋ ಬಂದು ನಿಂತಿತು. ಪ್ರೀತಿ ಕೂಸಿನೊಂದಿಗೆ ಒಳಗೆ ಕೂತಳು. ಆಟೋದಲ್ಲಿ ಒಂದು ಕಾಲಿಟ್ಟ ದುಂಡಮ್ಮ ಗಂಡನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು.

"ಮೋಸ ಮಾಡೂದೇ ಇತ್ತಂದ್ರ ನೀವೇ ಕುಂತು ತೂಗಬೇಕಿತ್ತು. ನನ್ನ ಕೈ ಯಾಕ ಹಚ್ಚಿದ್ರಿ?"